ಚಿನ್ನಾಯ್ನನ ಚೀಲದಲ್ಲಿದ್ದ ಅರ್ಜಿ

ಹೋದ ಡಿಸೆಂಬರ್ ಮೊದಲ ವಾರ ಅಂಗಡಿಗೆ ಇಬ್ರು ಹುಡುಗ್ರು ಬಂದಿದ್ರು. ನಂದು ಕೋಲಾರದಲ್ಲಿ ಒಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ, ಬೆಳಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿದ್ರೆ ರಾತ್ರಿ ಎಂಟರ ತನಕ ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು, ಅರ್ಜಿ, ಅರ್ಜಿಗೆ ಉತ್ತರ ಬರ್ಲಿಲ್ಲ ಅಂತ ಇನ್ನೊಂದು ಅರ್ಜಿ, ಇದೇ ಕೆಲಸ. ಹುಡುಗ್ರು ಡಿಗ್ರಿ ಓದ್ತಿರೋರು, ಅಕ್ಕ ಡಿಸೆಂಬರ್ 10ಕ್ಕೆ ಮಾನವ ಹಕ್ಕುಗಳ ದಿನ ಮಾಡ್ತಿದ್ದೀವಿ, ಪೋಸ್ಟರ್ ಮಾಡ್ಕೊಡಿ ಅಂದ್ರು. ಪೋಸ್ಟರಲ್ಲಿ ಗಿಟಾರ್ ಚಿತ್ರ, ತಮಟೆ ಚಿತ್ರ, ಕೆಳಗೆ ಎಂಟು ಹಾಡಿನ ಪಟ್ಟಿ. ಪಟ್ಟಿ ಚೆನ್ನಾಗೇ ಇತ್ತು, ಹಳೇ ಹೋರಾಟದ ಹಾಡುಗಳೂ ಇದ್ವು, ಈಗಿನ ರ‍್ಯಾಪೂ ಇತ್ತು. ನಾನು ಟೈಪ್ ಮಾಡ್ತಾ ಸುಮ್ನೆ ಕೇಳ್ದೆ, ಹಾಡೆಲ್ಲಾ ಆದ್ಮೇಲೆ ಏನಪ್ಪಾ? ಹಾಡಾದ್ಮೇಲೆ ಊಟ ಅಕ್ಕ ಅಂದ ಒಬ್ಬ. ಅವನೇನೂ ತಮಾಷೆಗೆ ಹೇಳ್ಲಿಲ್ಲ, ಇದ್ದದ್ದು ಹೇಳ್ದ. ನಂಗೆ ಕೈ ಅಲ್ಲೇ ನಿಂತೋಯ್ತು, ಯಾಕಂದ್ರೆ ಇದೇ ಮಾತು ನಮ್ ಚಿನ್ನಾಯ್ನ ಮೂವತ್ತು ವರ್ಷದ ಹಿಂದೆ ಹೇಳ್ತಿದ್ದ, ಕೊನೇ ಹಾಡು ಮುಗಿದ ಕೂಡ್ಲೇ ಜನ ಊಟಕ್ಕೆ ಎದ್ದೋಗ್ತಾರೆ, ಅದಕ್ಕೇ ಕೊನೇ ಹಾಡಿನ ತನಕ ಕಾಯಬಾರ್ದು ಅಂತ.

ಚಿನ್ನಾಯ್ನ ಅಂದ್ರೆ ಚಿಕ್ಕಪ್ಪ. ನಮ್ಮನೇಲಿ ತೆಲುಗು, ಬೀದೀಲಿ ಕನ್ನಡ, ಕೋಲಾರದ ಕಡೆ ಅರ್ಧಕ್ಕರ್ಧ ಮನೆಗಳು ಹಂಗೇ. ನಮ್ ತಾತ ಊರಿಗೆ ತಮಟೆ ಬಡೀತಿದ್ದ. ಜಾತ್ರೆಗೆ, ಸಾವಿಗೆ, ಊರಲ್ಲಿ ಏನಾದ್ರೂ ಸಾರ್ಬೇಕು ಅಂದ್ರೆ, ಯಾರೋ ಬಂದು ಕೇರಿ ಮುಂದೆ ನಿಂತು ಕೂಗಿದ್ರೆ ಸಾಕು ತಾತ ತಮಟೆ ಹೆಗಲಿಗೆ ಹಾಕ್ಕೊಂಡು ಹೋಗ್ಬೇಕಿತ್ತು, ಜ್ವರ ಇದ್ರೂ. ಅದಕ್ಕೆ ಸಂಬಳ ಅಂತ ಏನೂ ಇಲ್ಲ, ಸುಗ್ಗೀಲಿ ಮನೆಗೊಂದು ಮೊರ ರಾಗಿ, ಜಾತ್ರೆ ದಿನ ದೂರದಲ್ಲಿ ಕೂರಿಸಿ ಹಾಕೋ ಊಟ. ಎಂಬತ್ತರ ದಶಕದಲ್ಲಿ ಚಿನ್ನಾಯ್ನ ದಲಿತ ಸಂಘರ್ಷ ಸಮಿತಿಗೆ ಸೇರ್ಕೊಂಡ. ಆಗ ಸಮಿತಿಯವ್ರು ಹಳ್ಳಿ ಹಳ್ಳೀಲಿ ಹೇಳ್ತಿದ್ದಿದ್ದು ಇದೇ, ಬಿಟ್ಟಿ ಚಾಕರಿ ಬಿಡಿ, ಸತ್ತ ದನ ಎತ್ತಬೇಡಿ, ಕರೆದ್ರು ಅಂತ ತಮಟೆ ಬಡೀಬೇಡಿ. ಚಿನ್ನಾಯ್ನ ಮನೇಲಿ ಜಗಳ ಮಾಡಿ ತಾತನ ಕೈಯಿಂದ ತಮಟೆ ಇಳಿಸಿ ಗೋಡೆಗೆ ನೇತಾಕ್ದ. ಊರವ್ರು ರಾಗಿ ನಿಲ್ಲಿಸಿದ್ರು, ಕೂಲಿಗೂ ಕರೀಲಿಲ್ಲ, ಅಜ್ಜಿ ಎರಡು ವರ್ಷ ಪಕ್ಕದ ಹೋಬಳಿಗೆ ಹೋಗಿ ಕೂಲಿ ಮಾಡಿದ್ಳಂತೆ.

ಆಮೇಲೆ ಸಮಿತಿಯವ್ರು ಹಾಡಿನ ತಂಡ ಕಟ್ಟಿದ್ರು. ತಂಡಕ್ಕೆ ತಮಟೆ ಬೇಕಾಯ್ತು. ಚಿನ್ನಾಯ್ನ ಗೋಡೆ ಮೇಲಿದ್ದ ಅದೇ ತಮಟೆ ಇಳಿಸ್ಕೊಂಡ. ತಾತಂಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇಡ ಅಂದೋನೂ ನೀನೇ ಎತ್ಕೊಂಡೋನೂ ನೀನೇ, ನನ್ನ ಹೊಟ್ಟೆ ಮೇಲೆ ಯಾಕ್ ಹೊಡೆದೆ ಅಂತ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದನಂತೆ. ಚಿನ್ನಾಯ್ನ ಕೊಟ್ಟ ಉತ್ತರ ನಮ್ಮಮ್ಮ ಈಗ್ಲೂ ಹೇಳ್ತಾಳೆ: ಅವ್ರು ಕರೆದಾಗ ಹೋಗಿ ಬಡಿಯೋದು ಬೇರೆ, ನಾವೇ ಜನಾನ ಕರೆಯೋಕೆ ಬಡಿಯೋದು ಬೇರೆ.

ನಾನು ಹುಟ್ಟಿದ್ದು 86ರಲ್ಲಿ, ಬುದ್ಧಿ ಬರೋ ಹೊತ್ತಿಗೆ ತಂಡ ಚೆನ್ನಾಗಿ ಪಳಗಿತ್ತು. ರಜ ಇದ್ದಾಗ ನನ್ನನ್ನೂ ಕರ್ಕೊಂಡು ಹೋಗ್ತಿದ್ದ. ಸಂಜೆ ಬೆಳಕಿದ್ದಾಗ್ಲೇ ಕೇರಿ ಸೇರ್ಕೊಳ್ಳೋದು, ಹುಲ್ಲು ಹಚ್ಚಿ ತಮಟೆ ಕಾಯಿಸೋದು, ಚರ್ಮ ಬಿಗಿಯಾದ್ಮೇಲೆ ಬಡಿಯೋಕೆ ಶುರು ಮಾಡಿದ್ರೆ ಮೊದ್ಲು ಮಕ್ಳು ಬರ್ತಿದ್ರು, ಆಮೇಲೆ ಮಕ್ಳನ್ನ ಹುಡುಕ್ಕೊಂಡು ತಾಯಂದಿರು, ಕೊನೇಗೆ ಗಂಡಸ್ರು ದೂರದಲ್ಲಿ ಬೀಡಿ ಹಚ್ಕೊಂಡು ನಿಂತ್ಕೊಳ್ತಿದ್ರು. ಕನ್ನಡದ್ದು ಎರಡು, ತೆಲುಗಿಂದು ಎರಡು ಹಾಡು. ಆಗ ಕೋಲಾರದ ಕಡೆ ತೆಲುಗಿನ ಹೋರಾಟದ ಹಾಡುಗಾರ ಗದ್ದರ್ ಹಾಡು ಗೊತ್ತಿಲ್ಲದ ಕೇರಿ ಕಡಿಮೆ, ಕ್ಯಾಸೆಟ್ಟು ಕೈಯಿಂದ ಕೈಗೆ ಹೋಗಿ ಹೋಗಿ ಸವೆದು ದನಿನೇ ಬೇರೆ ಆಗಿರ್ತಿತ್ತು. ಸಿದ್ದಲಿಂಗಯ್ಯನವರ ಹಾಡು ಶುರು ಆದ್ರೆ ನಿಂತಿದ್ದೋರು ಹತ್ರ ಬರ್ತಿದ್ರು. ಜನ ಪೂರ್ತಿ ಸೇರಿ, ಇನ್ನೊಂದು ಹೇಳಿ ಇನ್ನೊಂದು ಹೇಳಿ ಅನ್ನೋ ಹೊತ್ತಿಗೆ ಸರಿಯಾಗಿ ಚಿನ್ನಾಯ್ನ ನಿಲ್ಲಿಸಿಬಿಡ್ತಿದ್ದ. ನಿಲ್ಲಿಸಿ, ಕುಡಿಯೋಕೆ ನೀರು ಕೇಳ್ತಿದ್ದ. ನೀರು ಕುಡೀತಾ, ಈ ನೀರು ಎಲ್ಲಿಂದ ತಂದ್ರಮ್ಮ, ಬೋರ್ ಯಾರ ಬೀದೀಲಿದೆ, ನೀವೇ ಹೋಗಿ ಹಿಡ್ಕೋತೀರಾ ಅವ್ರು ಹುಯ್ತಾರಾ, ಸತ್ರೆ ಎಲ್ಲಿ ಹೂಳ್ತೀರಾ, ಹಿಂಗೆ ಕೇಳ್ತಾ ಕೇಳ್ತಾ ತಮಟೆ ಚೀಲದಿಂದ ಬಿಳೀ ಹಾಳೆ ತೆಗೀತಿದ್ದ. ಅಲ್ಲೇ ಅರ್ಜಿ ಬರೆದು, ಜೋರಾಗಿ ಓದಿ ಹೇಳಿ, ಸೈನು, ಹೆಬ್ಬೆಟ್ಟು. ಎಲ್ಲಾ ಮುಗಿದ ಮೇಲೆ ಮಿಕ್ಕಿದ ಹಾಡು. ಆ ಹೊತ್ತಲ್ಲಿ ಹೇಳ್ತಿದ್ದ ಹಾಡಿಗೆ ಜನ ದನಿ ಸೇರಿಸ್ತಿದ್ದ ರೀತಿನೇ ಬೇರೆ ಇರ್ತಿತ್ತು, ಅಷ್ಟೊತ್ತಿಗೆ ಅವ್ರ ಹೆಸ್ರು ಹಾಳೆ ಮೇಲಿತ್ತು.

ಈಗ ನಾನೊಂದು ತಪ್ಪು ಹೇಳ್ಕೋಬೇಕು. 1996ರ ಜನವರಿ, ಚಳಿ. ನಮ್ಮೂರಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳೀಲಿ ಹಿಂದಿನ ರಾತ್ರಿ ಹಾಡು ಆಗಿತ್ತು, ಮಾರನೇ ದಿನ ಇನ್ನೊಂದು ಊರಲ್ಲಿ ಪ್ರೋಗ್ರಾಂ. ಚಿನ್ನಾಯ್ನ ಟೀ ಕುಡಿಯೋಕೆ ಹೋಗಿದ್ದ. ತಮಟೆ ತಣ್ಣಗಾಗಿ ಮೆತ್ತಗಾಗಿತ್ತು, ಹುಲ್ಲು ಮಂಜಿಗೆ ನೆನೆದು ಹತ್ತಿರ್ಲಿಲ್ಲ. ನಾನು ದೊಡ್ಡ ಉಪಕಾರ ಮಾಡೋಳ ಹಂಗೆ ಚೀಲದೊಳಗೆ ಕೈ ಹಾಕಿ ಸಿಕ್ಕಿದ ಪೇಪರ್ ಎಳೆದು ಬೆಂಕಿಗಿಟ್ಟೆ. ಅದು ಹಿಂದಿನ ರಾತ್ರಿ ಬರೆದ ಅರ್ಜಿ. ಸ್ಮಶಾನಕ್ಕೆ ಜಾಗ ಕೇಳಿದ ಅರ್ಜಿ. ನಲವತ್ಮೂರು ಜನರ ಸೈನು, ಅದ್ರಲ್ಲಿ ಮುಕ್ಕಾಲು ಪಾಲು ಹೆಬ್ಬೆಟ್ಟು.

ಚಿನ್ನಾಯ್ನ ಬಂದು ನೋಡಿದಾಗ ಮೂಲೆ ಒಂದು ಉಳಿದಿತ್ತು, ನೇರಳೆ ಶಾಯಿಯ ನಾಲ್ಕು ಹೆಬ್ಬೆಟ್ಟು. ನಂಗೆ ಹೊಡೀತಾನೆ ಅಂದ್ಕೊಂಡೆ. ಹೊಡೀಲಿಲ್ಲ. ಆ ಚೂರನ್ನ ಊದಿ ಆರಿಸಿ ಜೇಬಲ್ಲಿಟ್ಕೊಂಡು ಕೂತ್ಕೊಂಡ, ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು, ಹಾಡು ನನ್ ತಲೇಲಿದೆ ಅಮ್ಮಣ್ಣಿ, ಸುಟ್ರೂ ಹೋಗಲ್ಲ, ಇದು ಹಂಗಲ್ಲ. ನಾಲ್ಕು ದಿನ ಆದ್ಮೇಲೆ ಸೈಕಲ್ ತುಳ್ಕೊಂಡು ಅದೇ ಹಳ್ಳಿಗೆ ಹೋಗಿ ಮತ್ತೆ ಬರೆಸ್ಕೊಂಡು ಬಂದ. ಈ ಸಲ ನಲವತ್ತೆರಡೇ ಸೈನು. ಮೊದಲ ಅರ್ಜೀಲಿ ಹೆಬ್ಬೆಟ್ಟು ಒತ್ತಿದ್ದ ಒಬ್ಬ ಅಜ್ಜಿ ಈ ನಡುವೆ ತೀರ್ಕೊಂಡಿದ್ರು, ಜಾಗ ಇಲ್ದೆ ಒಣಗಿದ ಕೆರೆ ಅಂಗಳದಲ್ಲಿ ಹೂತಿದ್ರಂತೆ. ಆ ಊರಿಗೆ ಹದಿನೈದು ಗುಂಟೆ ಜಾಗ ಸಿಕ್ಕಿದ್ದು ಮೂರು ವರ್ಷ ಆದ್ಮೇಲೆ. ಅರ್ಜಿ ಒಂದು ಆಫೀಸಲ್ಲಿ ಎರಡು ಸಲ ಕಳೆದೂ ಹೋಯ್ತು, ಆಗೆಲ್ಲ ಜೆರಾಕ್ಸ್ ಕಾಪಿ ಇಟ್ಕೊಳ್ಳೋದು ಅಭ್ಯಾಸ ಇರ್ಲಿಲ್ಲ.

ಹಾಡು ಮತ್ತೆ ಕಾಗದ, ಇವೆರಡರ ಲೆಕ್ಕ ಅಲ್ಲಿಂದ ನನ್ನ ತಲೆ ಬಿಟ್ಟು ಹೋಗಿಲ್ಲ. ಮಾನವ ಹಕ್ಕು, ಮ್ಯೂಸಿಕ್ ಅಂತ ಎಲ್ಲೇ ಓದಿದ್ರೂ ನಾನು ಹುಡುಕೋದು ಇದನ್ನೇ, ಆ ಹಾಡಿನ ಜೊತೆಗಿದ್ದ ಕಾಗದ ಯಾವ್ದು, ಅದೇನಾಯ್ತು.

1988ರಲ್ಲಿ ಮಾನವ ಹಕ್ಕಿಗೋಸ್ಕರ ಕೆಲ್ಸ ಮಾಡೋ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನವ್ರು ಹ್ಯೂಮನ್ ರೈಟ್ಸ್ ನೌ ಅಂತ ಒಂದು ದೊಡ್ಡ ಸಂಗೀತ ಪ್ರವಾಸ ಮಾಡಿದ್ರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್‌ಮನ್, ಸೆನೆಗಲ್ ದೇಶದ ಯೂಸುನ್‌ದೂರ್, ಐದು ಜನ. ಸೆಪ್ಟೆಂಬರ್ 2ಕ್ಕೆ ಲಂಡನ್ನಲ್ಲಿ ಶುರುವಾಗಿ ಅಕ್ಟೋಬರ್ 15ಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಮುಗೀತು, ಆರು ವಾರದಲ್ಲಿ 20 ಕಛೇರಿ. ಅದ್ರಲ್ಲಿ ಒಂದು ನಮ್ಮ ದೆಹಲೀಲಿ, ಸೆಪ್ಟೆಂಬರ್ 30ಕ್ಕೆ, ಜವಾಹರಲಾಲ್ ನೆಹರು ಸ್ಟೇಡಿಯಂನಲ್ಲಿ. ಅವತ್ತು ನಮ್ ಚಿನ್ನಾಯ್ನ ಮಾಲೂರು ಕಡೆ ಯಾವ್ದೋ ಕೇರೀಲಿ ತಮಟೆ ಕಾಯಿಸ್ತಿದ್ದನೇನೋ, ಅವನಿಗೆ ಇದರ ಸುದ್ದೀನೂ ಬಂದಿರಲ್ಲ. ನಾನು ಇದನ್ನ ಯೂಟ್ಯೂಬಲ್ಲಿ ನೋಡಿದ್ದು ತುಂಬಾ ವರ್ಷ ಆದ್ಮೇಲೆ. ಮೊದ್ಲು ಅನ್ನಿಸಿದ್ದು, ಅಷ್ಟು ದುಡ್ಡಿನ ಲೈಟು, ಶೂ ಕಂಪನಿ ರೀಬಾಕ್‌ನ ಫೌಂಡೇಶನ್ ದುಡ್ಡು ಬೇರೆ, ಇದಕ್ಕೂ ಹಕ್ಕಿಗೂ ಏನು ಸಂಬಂಧ ಅಂತ. ಆಮೇಲೆ ಓದ್ದಾಗ ಗೊತ್ತಾಗಿದ್ದು, ಆ ಪ್ರವಾಸ ನಡೆದದ್ದೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗೆ 40 ವರ್ಷ ಆಯ್ತು ಅಂತ, ಹಾಡು ಕೇಳೋಕೆ ಬಂದೋರ ಕೈಗೆ ಆ ಘೋಷಣೆಯ ಪುಸ್ತಕ ಕೊಟ್ಟು, ಓದಿ, ಒಪ್ಪಿಗೆ ಆದ್ರೆ ಸೈನ್ ಹಾಕಿ ಅಂತ ಕೇಳ್ತಿದ್ರು. ಇದನ್ನ ಓದಿದ ದಿನ ಅಂಗಡಿ ಬಾಗ್ಲು ಹಾಕಿ ಚಿನ್ನಾಯ್ನಂಗೆ ಫೋನ್ ಮಾಡ್ದೆ. ಅವ್ನು ಎಲ್ಲಾ ಕೇಳಿಸ್ಕೊಂಡು, ಸೈನ್ ಮಾಡಿಸಿದ್ದು ಹಾಡಿಗೆ ಮುಂಚೆನಾ ಆಮೇಲಾ ಅಂತ ಕೇಳ್ದ. ಅವನ ತಲೆ ಓಡ್ತಿದ್ದಿದ್ದೇ ಹಂಗೆ.

ಆ ಘೋಷಣೆ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಹೆಣ್ಮಕ್ಳಿಗೆ ಇದು ಗೊತ್ತಿರ್ಬೇಕು. 1948ರ ಡಿಸೆಂಬರ್ 10ಕ್ಕೆ ಒಪ್ಪಿಗೆಯಾದ ಅದ್ರಲ್ಲಿ 30 ಕಲಂ ಇವೆ. ಮೊದಲ ಕಲಂ ಕರಡಲ್ಲಿ ಇಂಗ್ಲಿಷಲ್ಲಿ ಎಲ್ಲಾ ಗಂಡಸ್ರು ಅಂತ ಅರ್ಥ ಬರೋ ಪದ ಇತ್ತು. ಅದನ್ನ ಎಲ್ಲಾ ಮನುಷ್ಯರು ಅಂತ ತಿದ್ದಿಸಿದ್ದು ನಮ್ ದೇಶದಿಂದ ಹೋಗಿದ್ದ ಹಂಸಾ ಮೆಹ್ತಾ. ಒಂದು ಪದ. ನಾನು ದಿನಾ ಅರ್ಜಿ ಟೈಪ್ ಮಾಡೋಳು, ಒಂದು ಪದ ತಪ್ಪಾದ್ರೆ ಏನಾಗುತ್ತೆ ಸರಿಯಾದ್ರೆ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು, ಅದಕ್ಕೇ ಆ ತಾಯೀನ ನೆನೆಸ್ಕೊಂಡ್ರೆ ಮೈ ಜುಮ್ಮನ್ನುತ್ತೆ.

ಆ ಐದು ಜನರಲ್ಲಿ ನಂಗೆ ತುಂಬಾ ಹತ್ರ ಅನ್ನಿಸೋದು ಟ್ರೇಸಿ ಚಾಪ್‌ಮನ್. ಅದೇ 1988ರ ಜೂನ್ 11, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, ಜೈಲಲ್ಲಿದ್ದ ನೆಲ್ಸನ್ ಮಂಡೇಲಾಗೆ 70 ವರ್ಷ ಅಂತ ದೊಡ್ಡ ಕಛೇರಿ. ಸ್ಟೀವಿ ವಂಡರ್ ಹಾಡ್ಬೇಕಿತ್ತು, ಅವರ ಸಿಂಥಸೈಜರಿನ ಹಾರ್ಡ್ ಡಿಸ್ಕ್ ಕಾಣೆಯಾಗಿ ಆ ಹೊತ್ತಿಗೆ ಸ್ಟೇಜಿಗೆ ಬರೋಕಾಗ್ಲಿಲ್ಲ. ಖಾಲಿ ಹೊತ್ತು ತುಂಬೋಕೆ ಅವತ್ತೇ ಒಂದ್ಸಲ ಹಾಡಿ ಮುಗಿಸಿದ್ದ ಈ ಕರಿಯ ಹುಡುಗೀನ ಮತ್ತೆ ಕಳಿಸಿದ್ರು. ಬ್ಯಾಂಡ್ ಇಲ್ಲ, ಏನಿಲ್ಲ, ಒಂದು ಗಿಟಾರು. ಬಡತನದ ಬಗ್ಗೆ, ಕೆಲ್ಸ ಹುಡ್ಕೊಂಡು ಊರು ಬಿಡೋದ್ರ ಬಗ್ಗೆ ಹಾಡಿದ್ಳು, ಅಷ್ಟು ದೊಡ್ಡ ಸ್ಟೇಡಿಯಂ ಕೇಳಿಸ್ಕೊಂಡು ನಿಂತಿತು. ಕೇರೀಲಿ ಒಂದು ತಮಟೆ ಹೆಂಗೋ ಹಂಗೆ.

ಕಾಗದ ಕೈ ಕೊಟ್ಟ ಕಥೆನೂ ಇದೆ. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗೋಸ್ಕರ ಕಛೇರಿ. ಕೇಳ್ಕೊಂಡಿದ್ದು ಪಂಡಿತ್ ರವಿಶಂಕರ್, ನಡೆಸಿದ್ದು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್. ಒಂದೇ ದಿನ ಎರಡು ಶೋ, ಸುಮಾರು 40,000 ಜನ, ಟಿಕೆಟ್ಟಿಂದ ಬಂದ ಸುಮಾರು 2,43,000 ಡಾಲರ್ ಯೂನಿಸೆಫ್‌ಗೆ ಬೇಗ ಹೋಯ್ತು. ಆದ್ರೆ ಆಮೇಲೆ ರೆಕಾರ್ಡಿಂದ, ಸಿನಿಮಾದಿಂದ ಬಂದ ದೊಡ್ಡ ದುಡ್ಡು ವರ್ಷಗಟ್ಟಲೆ ಟ್ಯಾಕ್ಸ್ ತಕರಾರಲ್ಲಿ ಸಿಕ್ಕಾಕ್ಕೊಂಡ್ತು. ಯಾಕಂದ್ರೆ ಇದು ಯೂನಿಸೆಫ್‌ಗೋಸ್ಕರ ಮಾಡೋ ಕಾರ್ಯಕ್ರಮ ಅಂತ ಕಛೇರಿಗೆ ಮುಂಚೆನೇ ಕಾಗದದಲ್ಲಿ ಮಾಡಿಸ್ಕೊಂಡಿರ್ಲಿಲ್ಲ. ಒಂದು ಫಾರಂ ನೋಡಿ. ಹೊಟ್ಟೆ ಹಸ್ದಿರೋ ಮಕ್ಳು ಒಂದ್ಕಡೆ, ಜಗತ್ತೇ ಹುಚ್ಚೆದ್ದು ಕೇಳಿದ ಸಂಗೀತ ಒಂದ್ಕಡೆ, ಮಧ್ಯೆ ಒಂದು ಫಾರಂ. ನನ್ ಅಂಗಡೀಲಿ ಇಂಥದ್ದು ವಾರಕ್ಕೊಂದು ನೋಡ್ತೀನಿ, ಪಿಂಚಣಿ ಅರ್ಜಿಗೆ ಒಂದು ಕಾಪಿ ಕಮ್ಮಿ ಅಂತ ಮೂರು ಸಲ ಬಸ್ ಚಾರ್ಜ್ ಕೊಟ್ಟು ಬರೋ ಅಜ್ಜೀರನ್ನ.

ಹಾಡು ಬಂದು ಎಷ್ಟೋ ವರ್ಷಕ್ಕೆ ಕಾಗದ ಬರೋದೂ ಇದೆ. ಅಮೆರಿಕದಲ್ಲಿ ಕರಿಯ ಜನರನ್ನ ಗುಂಪು ಕಟ್ಟಿ ಹೊಡೆದು ಮರಕ್ಕೆ ನೇತಾಕ್ತಿದ್ರಲ್ಲ, ಅದರ ಒಂದು ಫೋಟೋ ನೋಡಿ ನಿದ್ದೆ ಬರ್ದೆ ಏಬಲ್ ಮೀರೊಪೋಲ್ ಅನ್ನೋ ಸ್ಕೂಲ್ ಮೇಷ್ಟ್ರು ಬರೆದ ಪದ್ಯ ಸ್ಟ್ರೇಂಜ್ ಫ್ರೂಟ್. ಅದನ್ನ ಬಿಲ್ಲಿ ಹಾಲಿಡೇ 1939ರಲ್ಲಿ ನ್ಯೂಯಾರ್ಕಿನ ಒಂದು ಕ್ಲಬ್ಬಲ್ಲಿ ಹಾಡಿದ್ರು. ಹಾಡು ಶುರುವಾಗೋಕೆ ಮುಂಚೆ ಸಪ್ಲೈಯರ್‌ಗಳು ಕೆಲಸ ನಿಲ್ಲಿಸ್ತಿದ್ರು, ಲೈಟೆಲ್ಲಾ ಆರಿಸಿ ಮುಖದ ಮೇಲೆ ಮಾತ್ರ ಒಂದು ಬೆಳಕು ಬಿಡ್ತಿದ್ರು, ಅದಾದ್ಮೇಲೆ ಮತ್ತೊಂದು ಹಾಡು ಇಲ್ಲ. ಅವ್ರ ಕಂಪನಿಯಾದ ಕೊಲಂಬಿಯಾ ಆ ಹಾಡನ್ನ ರೆಕಾರ್ಡ್ ಮಾಡಲ್ಲ ಅಂತು, ಬೇರೆ ಸಣ್ಣ ಕಂಪನೀಲಿ ಮಾಡಿದ್ರು. ಅಂಥ ಕೊಲೆಗಳನ್ನ ಕೇಂದ್ರ ಕಾನೂನಲ್ಲಿ ಅಪರಾಧ ಅಂತ ಬರೆದ ಕಾಯ್ದೆಗೆ ಸೈನ್ ಬಿದ್ದಿದ್ದು ಯಾವಾಗ ಗೊತ್ತಾ, 2022ರ ಮಾರ್ಚಲ್ಲಿ. 83 ವರ್ಷ. ಹಾಡಿದೋಳು 1959ರಲ್ಲೇ ತೀರ್ಕೊಂಡಿದ್ಳು.

ಚಿಲಿ ದೇಶದ ಹಾಡುಗಾರ ವಿಕ್ಟರ್ ಹಾರಾನೂ ಹಂಗೇ. 1973ರ ಸೆಪ್ಟೆಂಬರಲ್ಲಿ ಮಿಲಿಟರಿಯವ್ರು ಹಿಡ್ಕೊಂಡು ಹೋಗಿ ಒಂದು ಸ್ಟೇಡಿಯಂ ಒಳಗೆ ಚಿತ್ರಹಿಂಸೆ ಕೊಟ್ಟು ಕೊಂದ್ರು. ಅಲ್ಲಿ ಕೂತು ಬರೆದ ಕೊನೇ ಪದ್ಯದ ಚೀಟಿ ಜೊತೆಗಿದ್ದ ಇನ್ನೊಬ್ಬರ ಶೂ ಒಳಗೆ ಅಡಗ್ಕೊಂಡು ಹೊರಗೆ ಬಂತು. ಕೊಂದೋರ ಶಿಕ್ಷೆನ ಅಲ್ಲಿನ ಸುಪ್ರೀಂ ಕೋರ್ಟ್ ಖಾಯಂ ಮಾಡಿದ್ದು 2023ರಲ್ಲಿ, ಐವತ್ತು ವರ್ಷಕ್ಕೆ.

ಕಾಗದ ಬರದೇ ಇರೋದೂ ಇದೆ, ಅದಕ್ಕೆ ಅಮೆರಿಕಕ್ಕೆ ಹೋಗ್ಬೇಕಾಗಿಲ್ಲ.

2000ದ ಮಾರ್ಚ್ 11. ಕಂಬಾಲಪಲ್ಲಿ. ಈಗ ಚಿಕ್ಕಬಳ್ಳಾಪುರ ಜಿಲ್ಲೆ, ಚಿಂತಾಮಣಿ ತಾಲ್ಲೂಕು, ಆಗ ಎಲ್ಲಾ ನಮ್ ಕೋಲಾರ ಜಿಲ್ಲೆನೇ. ಏಳು ಜನ ದಲಿತರನ್ನ ಮನೆಗೆ ಬೆಂಕಿ ಹಚ್ಚಿ ಜೀವಂತ ಸುಟ್ರು. ನಾನಾಗ ಹೈಸ್ಕೂಲು. ಚಿನ್ನಾಯ್ನ ಮತ್ತೆ ತಂಡದವ್ರು ಹೋದ್ರು, ಚೀಲ ಹೆಗಲಿಗೆ ಹಾಕ್ಕೊಂಡೇ ಹೋಗಿದ್ರು. ಮೂರು ದಿನ ಆದ್ಮೇಲೆ ವಾಪಸ್ ಬಂದಾಗ ಚೀಲದ ದಾರ ಬಿಚ್ಚಿರ್ಲಿಲ್ಲ. ತಮಟೆ ಹೊರಗೆ ತೆಗೆಯೋಕೆ ಕೈ ಬರ್ಲಿಲ್ಲ ಅಂದ. ಅವತ್ತು ರಾತ್ರಿ ಊಟ ಮಾಡ್ಲಿಲ್ಲ, ಯಾರ ಹತ್ರಾನೂ ಮಾತಾಡ್ಲಿಲ್ಲ, ಬೆಂಕಿ ವಾಸನೆ ಬರುತ್ತೆ ಅಂತ ಅಮ್ಮನ್ನ ಒಲೆ ಹಚ್ಚೋಕೆ ಬಿಡ್ಲಿಲ್ಲ. ಎಷ್ಟೋ ತಿಂಗಳು ಆದ್ಮೇಲೆ ತಂಡದವ್ರು ಅದರ ಮೇಲೆ ಒಂದು ಹಾಡು ಕಟ್ಟಿದ್ರು, ತಮಟೆ ಇಲ್ಲದ ಹಾಡು, ಬರೀ ಬಾಯಲ್ಲಿ. ಕೇಸು ನಡೀತು, ಸಾಕ್ಷಿಗಳು ತಿರುಗಿಬಿದ್ರು, 2006ರಲ್ಲಿ ಆರೋಪಿಗಳೆಲ್ಲಾ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಏಳು ಜನ ಸುಟ್ಟು ಸತ್ತಿದ್ದು ನಿಜ, ಸುಟ್ಟೋರು ಯಾರೂ ಇಲ್ಲ ಅಂತ ಕಾಗದ ಹೇಳ್ತು. 2014ರಲ್ಲಿ ಪೇಪರಲ್ಲಿ ಸುದ್ದಿ ಬಂದ ದಿನ ಚಿನ್ನಾಯ್ನ ಅಂಗಡಿಗೆ ಬಂದು, ಆ ಹಾಡನ್ನ ಟೈಪ್ ಮಾಡಿ ಐವತ್ತು ಕಾಪಿ ತೆಗಿ ಅಂದ. ಅಲ್ಲಿ ತನಕ ಅದು ಎಲ್ಲೂ ಬರವಣಿಗೇಲಿ ಇರ್ಲಿಲ್ಲ. ಹಾಡು ತಲೇಲಿದೆ ಸುಟ್ರೂ ಹೋಗಲ್ಲ ಅಂದಿದ್ದ ಮನುಷ್ಯ, ತಲೆಗೂ ವಯಸ್ಸಾಗುತ್ತೆ ಕಣಮ್ಮಾ ಅಂದ. ನಾನು ದುಡ್ಡು ತಗೊಳ್ಳಲ್ಲ ಅಂದ್ರೆ ಬೈದು ಐವತ್ತು ರೂಪಾಯಿ ಟೇಬಲ್ ಮೇಲಿಟ್ಟೋದ.

ಹಂಗಾದ್ರೆ ಬರೀ ಅರ್ಜಿ ಸಾಕಲ್ವಾ, ಹಾಡು ಯಾಕೆ ಅಂತ ಯಾರಾದ್ರೂ ಕೇಳ್ಬೋದು. ಹದಿನೈದು ವರ್ಷದಿಂದ ಅರ್ಜಿ ಟೈಪ್ ಮಾಡ್ತಿದ್ದೀನಿ, ನಾನು ಕಂಡಿರೋದು ಹೇಳ್ತೀನಿ. ಸುಮ್ನೆ ಅರ್ಜಿ ಕೊಡೋಕೆ ಬರೋರು ಒಬ್ರೇ ಬರ್ತಾರೆ, ಬಾಗ್ಲಲ್ಲಿ ನಿಂತು ಒಳಗೆ ಬರ್ಲಾ ಅಂತ ಕೇಳ್ತಾರೆ, ವಿಷ್ಯ ಹೇಳೋಕೆ ಮುಂಚೆ ತಪ್ಪು ತಿಳ್ಕೋಬೇಡಿ ಅಂತಾರೆ, ಅರ್ಜೀಲಿ ದಯವಿಟ್ಟು ಅಂತ ನಾಲ್ಕು ಸಲ ಹಾಕ್ಸ್ತಾರೆ. ಎಲ್ಲೋ ಹಾಡು ಕೇಳಿ, ಜಾಥಾ ನೋಡಿ ಬಂದೋರು ಎಂಟು ಹತ್ತು ಜನ ಒಟ್ಟಿಗೆ ಬರ್ತಾರೆ. ಒಬ್ರು ಹೇಳ್ತಾ ನಿಲ್ಲಿಸಿದ್ರೆ ಇನ್ನೊಬ್ರು ಮುಂದುವರಿಸ್ತಾರೆ. ಹಕ್ಕು ಅನ್ನೋ ಪದ ಅವ್ರ ಬಾಯಲ್ಲಿ ಸಲೀಸಾಗಿ ಬರುತ್ತೆ, ಹಾಡಲ್ಲಿ ಹತ್ತು ಸಲ ಹೇಳಿ ಅಭ್ಯಾಸ ಆಗಿರುತ್ತೆ. 2022ರ ಸೆಪ್ಟೆಂಬರಲ್ಲಿ ಮಾಲೂರು ತಾಲ್ಲೂಕು ಉಳ್ಳೇರಹಳ್ಳೀಲಿ ಒಬ್ಬ ದಲಿತ ಹುಡುಗ ದೇವರ ಕೋಲು ಮುಟ್ಟಿದ ಅಂತ ಆ ಬಡ ಮನೆಗೆ 60,000 ರೂಪಾಯಿ ದಂಡ ಹಾಕಿದ್ರಲ್ಲ, ಆ ಸುದ್ದಿ ಹೊರಗೆ ಬಂದ ಮೇಲೆ ಎಲ್ಲಾ ಕಡೆಯಿಂದ ಜನ ಹೋದ್ರು. ಅಂಥ ಮನೆ ಮುಂದೆ ಹತ್ತು ಜನ ನಿಂತ್ಕೊಂಡು ನಾವಿದ್ದೀವಿ ಅನ್ನೋಕೆ ಬರೀ ಕಲಂ ನಂಬರ್ ಸಾಕಾಗಲ್ಲ.

ಗೆದ್ದೇ ಗೆಲ್ಲುವೆವು ಅಂತ ಎಲ್ಲಾ ಧರಣೀಲೂ ಹಾಡ್ತಾರೆ, ಆ ಹಾಡಿನ ಇಂಗ್ಲಿಷ್ ಮೂಲ ವಿ ಶಲ್ ಓವರ್‌ಕಮ್ ಹೆಂಗೆ ಹೋರಾಟಕ್ಕೆ ಬಂತು ಅಂತ ತಿಳ್ಕೊಂಡಾಗ ನಂಗೆ ನಮ್ಮಮ್ಮ ನೆನಪಾದ್ಳು. 1945ರಲ್ಲಿ ಅಮೆರಿಕದ ಚಾರ್ಲ್ಸ್ಟನ್ ಊರಿನ ಸಿಗಾರ್ ಫ್ಯಾಕ್ಟರೀಲಿ ಕೂಲಿ ಜಾಸ್ತಿ ಕೇಳಿ ಮುಷ್ಕರ ಕೂತ ಹೆಂಗಸ್ರು, ಬಹಳಷ್ಟು ಜನ ಕರಿಯರು, ಚರ್ಚಿನ ಹಾಡೊಂದನ್ನ ಹಿಡ್ಕೊಂಡು ದಿನಾ ಸಂಜೆ ನಿಧಾನಕ್ಕೆ ಹಾಡ್ತಿದ್ರಂತೆ. ಅವ್ರಿಂದ ಹೈಲ್ಯಾಂಡರ್ ಅನ್ನೋ ಶಾಲೆಗೆ ಹೋಯ್ತು, ಅಲ್ಲಿಂದ ಹಾಡುಗಾರ ಪೀಟ್ ಸೀಗರ್‌ಗೆ, ಅಲ್ಲಿಂದ ಜಗತ್ತಿಗೆ. ನಮ್ಮಮ್ಮ ರೇಷ್ಮೆ ಫಿಲೇಚರಲ್ಲಿ ಇಪ್ಪತ್ತು ವರ್ಷ ಬಿಸಿನೀರಲ್ಲಿ ಕೈ ಇಟ್ಟು ನೂಲು ತೆಗೆದೋಳು, ಬೆರಳೆಲ್ಲಾ ಬಿಳಿಚಿ ಸಿಪ್ಪೆ ಸುಲೀತಿತ್ತು, ಅವ್ರೂ ಹಾಡ್ತಿದ್ರು, ಆದ್ರೆ ಅದ್ಯಾವ್ದೂ ಯಾರೂ ಬರ್ಕೊಳ್ಳಲಿಲ್ಲ. ಆ ಇಂಗ್ಲಿಷ್ ಹಾಡಿಗೆ ಕಾಪಿರೈಟ್ ಬೇರೆ ಇತ್ತು, ಕೋರ್ಟಿಗೆ ಹೋಗಿ 2018ರಲ್ಲಿ ಅದು ಎಲ್ಲರದ್ದು ಅಂತ ಇತ್ಯರ್ಥ ಆಯ್ತು. ಸಿಗಾರ್ ಸುತ್ತೋ ಹೆಂಗಸ್ರು ಬೀದೀಲಿ ನಿಂತು ಹಾಡಿದ್ದು ಎಲ್ಲರದ್ದು ಅನ್ನಿಸ್ಕೊಳ್ಳೋಕೂ ಒಂದು ಕಾಗದ ಬೇಕಾಯ್ತು.

ಈಗಿನ ಹುಡುಗ್ರ ಬಗ್ಗೆ ನಂಗೆ ಕೊರಗಿಲ್ಲ. ಏಪ್ರಿಲ್ 14ಕ್ಕೆ ಡಿಜೆ ಹಾಕಿ ಬಾಬಾಸಾಹೇಬರ ಹಾಡಿಗೆ ಕುಣೀತಾರೆ ಅಂತ ನಮ್ಮ ಹಿರೀಕರೇ ಕೆಲವ್ರು ಮುಖ ಸಿಂಡರಿಸ್ತಾರೆ. ಸೌಂಡು ಜಾಸ್ತಿನೇ, ಎದೆ ನಡುಗುತ್ತೆ, ಅದು ನಿಜ. ಆದ್ರೆ ನಮ್ಮೂರಲ್ಲಿ ತಾತ ಚಪ್ಪಲಿ ಕೈಲಿ ಹಿಡ್ಕೊಂಡು ದಾಟ್ತಿದ್ದ ಬೀದೀಲಿ ನನ್ ತಂಗಿ ಮಗಳು ಶೂ ಹಾಕ್ಕೊಂಡು ಕುಣೀತಾಳೆ, ಅದನ್ನ ನೋಡೋಕೆ ನಾನು ಅಂಗಡಿ ರಜ ಹಾಕ್ತೀನಿ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೆಲ್ಲಾ ಸೇರಿ ಕಟ್ಟಿದ ಆದಿಮ ಅನ್ನೋ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ಹಾಡು, ನಾಟಕ ಆಗುತ್ತಲ್ಲ, ಅಲ್ಲಿ ಒಂದ್ಸಲ ಹೆಣ್ಮಕ್ಳು ತಮಟೆ ಬಡಿಯೋದು ನೋಡಿ ಚಿನ್ನಾಯ್ನ ಎದ್ದು ನಿಂತಿದ್ದ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೋಸ್ಕರ ಪದ್ಮಶ್ರೀ ಬಂತು. ಅದೇ ವರ್ಷ ಆಗಸ್ಟ್ 6ಕ್ಕೆ ಗದ್ದರ್ ಹೋದ್ರು. 1997ರಲ್ಲಿ ಮನೆ ಹತ್ರಾನೇ ಗುಂಡು ಹೊಡೆದಿದ್ರು, ಒಂದು ಗುಂಡು ಕೊನೇ ತನಕ ಮೈಯಲ್ಲೇ ಇತ್ತು. ವೋಟೇ ಬೇಡ ಅಂತ ಹಾಡ್ಕೊಂಡು ಬಂದಿದ್ದ ಮನುಷ್ಯ 2018ರಲ್ಲಿ ಜೀವನದಲ್ಲಿ ಮೊದಲ ಸಲ ಹೋಗಿ ವೋಟ್ ಹಾಕಿದ್ರು. ಪದ್ಮಶ್ರೀ, ಗದ್ದರ್ ಸಾವು, ಈ ಎರಡೂ ಸುದ್ದಿ ಕೇಳೋಕೆ ಚಿನ್ನಾಯ್ನ ಇರ್ಲಿಲ್ಲ. ಇದ್ದಿದ್ರೆ ಎರಡಕ್ಕೂ ಅಳ್ತಿದ್ದ.

ಅವ್ನು ಹೋಗಿದ್ದು 2022ರ ಫೆಬ್ರವರೀಲಿ. ಅವತ್ತು ಮನೆ ಮುಂದೆ ಒಂದು ಮಾತು ಬಂತು, ತಮಟೆ ಬಡಿಯೋದಾ ಬೇಡ್ವಾ. ಸಾವಿಗೆ ಬಡಿಯಲ್ಲ ಅಂತ ಜೀವನ ಪೂರ್ತಿ ಜಗಳ ಮಾಡಿದೋನ ಸಾವಿಗೆ ಬಡಿಯೋದು ಹೆಂಗೆ ಅಂತ ಕೆಲವ್ರು. ಊರವ್ರು ಕರೆದ್ರೆ ಬಡಿಯಲ್ಲ ಅಂದಿದ್ದ, ಯಾರೂ ಕರೆದಿಲ್ಲ, ನಮ್ ಮನುಷ್ಯಂಗೆ ನಾವು ಬಡೀತೀವಿ ಅಂತ ಇನ್ನ ಕೆಲವ್ರು. ಅಷ್ಟೊತ್ತಿಗೆ ಹದಿನಾಲ್ಕು ಕಿಲೋಮೀಟರ್ ದೂರದ ಆ ಊರಿಂದ ಒಂದು ಟೆಂಪೋ ಬಂತು, ಇಪ್ಪತ್ತು ಜನ, ನಾಲ್ಕು ತಮಟೆ. ಅವ್ರನ್ನ ನೋಡಿದ ಮೇಲೆ ಯಾರೂ ಏನೂ ಅನ್ನಲಿಲ್ಲ. ಸಾವಿನ ಏಟು ಬಡಿಯಲ್ಲಮ್ಮ, ಅವ್ರೇ ಹೇಳಿಕೊಟ್ಟ ಹಾಡಿನ ಏಟು ಬಡೀತೀವಿ ಅಂದ್ರು ಅವ್ರಲ್ಲಿ ದೊಡ್ಡೋರು.

ಬೆಳಗಿನ ಚಳಿಗೆ ತಮಟೆ ಇಳಿದೋಗಿತ್ತು. ಒಬ್ಬ ಹುಡುಗ ನನ್ ಹತ್ರ ಬಂದು, ಅಕ್ಕ ಪೇಪರ್ ಇದ್ರೆ ಕೊಡಿ, ಕಾಯಿಸ್ಕೋಬೇಕು ಅಂದ. ಅಂಗಡಿಯಿಂದ ನೇರ ಬಂದಿದ್ದೆ, ಬ್ಯಾಗ್ ತುಂಬ ಹಾಳೆ ಇತ್ತು. ಇರಪ್ಪ ಬಂದೆ ಅಂತ ಹೇಳಿ ಹಿತ್ತಲಿಗೆ ಹೋಗಿ ಬಣವೆಯಿಂದ ಎರಡು ಹಿಡಿ ಹುಲ್ಲು ಎಳ್ಕೊಂಡು ಬಂದೆ, ಮೇಲಿಂದು ಬಿಟ್ಟು ಒಳಗಡೇದು, ಒಣಗಿರೋದು.